ಊರೂ ಗೊತ್ತಿಲ್ಲ, ತಾರೀಖೂ ಗೊತ್ತಿಲ್ಲ. ಟಿಕೆಟ್ ಹುಡುಕೋದು ಹೇಗೆ?

ಪ್ರಶ್ನೆ: ಮುಂದಿನ ಆರು ತಿಂಗಳಲ್ಲಿ ಯಾವಾಗ ಬೇಕಾದರೂ ಮೂರು ವಾರ ರಜೆ ಹಾಕಬಹುದು. ಇಂಥದ್ದೇ ದೇಶ ಅಂತ ಇಲ್ಲ, ಕಡಿಮೆ ದುಡ್ಡಿಗೆ ಎಲ್ಲಿಗಾದರೂ ಸರಿ. ಆದರೆ ಟಿಕೆಟ್ ಹುಡುಕುವ ವೆಬ್‌ಸೈಟ್‌ಗಳು ಮೊದಲೇ ‘ಎಲ್ಲಿಗೆ, ಯಾವತ್ತು’ ಅಂತ ಕೇಳುತ್ತವೆ. ಕಂಡ ದರ ಒತ್ತಿದ ಕೂಡಲೇ ಜಾಸ್ತಿಯಾಗುತ್ತದೆ. ವಾಪಸ್ ಟಿಕೆಟ್ ಈಗಲೇ ಮಾಡಿಸಬೇಕಾ?

ಉತ್ತರ: ‘ಎಲ್ಲಿಗೆ’ ಅನ್ನೋದನ್ನು ಖಾಲಿ ಬಿಡಿ. ಗೂಗಲ್ ಫ್ಲೈಟ್ಸ್‌ನ ‘ಎಕ್ಸ್‌ಪ್ಲೋರ್’ನಲ್ಲಿ ಹೊರಡುವ ಊರನ್ನಷ್ಟೇ ಕೊಟ್ಟರೆ ಸಾಕು, ಮ್ಯಾಪ್ ಮೇಲೆ ಊರೂರಿನ ದರ ಮೂಡುತ್ತದೆ. ಸ್ಕೈಸ್ಕ್ಯಾನರ್ ಅನ್ನೋ ಇನ್ನೊಂದು ಸೈಟ್‌ನಲ್ಲಿ ಇದೇ ಕೆಲಸಕ್ಕೆ ‘ಎವ್ರಿವೇರ್’ ಇದೆ. ಅದು ಪಟ್ಟಿ ಕೊಡುತ್ತದೆ. ನನಗೆ ಮ್ಯಾಪೇ ಇಷ್ಟ. ನೀವು ಅಂದುಕೊಂಡ ಊರಿನ ಪಕ್ಕದಲ್ಲೇ ಇನ್ನೊಂದಕ್ಕೆ ಅರ್ಧ ದರ ಇದ್ದರೆ ಅಲ್ಲಿ ಥಟ್ಟನೆ ಕಣ್ಣಿಗೆ ಬೀಳುತ್ತದೆ.

ತಾರೀಖಿನ ಬದಲು ತಿಂಗಳನ್ನೇ ಕೊಡಬಹುದು. ಒಂದೇ ತೊಡಕು, ಹಾಗೆ ಕೊಟ್ಟಾಗ ಎಕ್ಸ್‌ಪ್ಲೋರ್‌ನಲ್ಲಿ ಸಿಗೋದು ವೀಕೆಂಡ್, 1 ವಾರ, 2 ವಾರ ಅಷ್ಟೇ. ನಿಮ್ಮ 3 ವಾರ ಇಲ್ಲ. ಸದ್ಯಕ್ಕೆ 2 ವಾರ ಅಂತ ಕೊಟ್ಟು ಊರು ಆರಿಸಿಕೊಳ್ಳಿ. ಆಮೇಲೆ ಮಾಮೂಲಿ ಹುಡುಕಾಟಕ್ಕೆ ಬಂದು ಆ ಊರಿನ ಹೆಸರು ಹಾಕಿ ‘ಪ್ರೈಸ್ ಗ್ರಾಫ್’ ತೆರೆಯಿರಿ. ಪ್ರವಾಸದ ದಿನಗಳನ್ನು 21ಕ್ಕೆ ಏರಿಸಿ. ಕಂಬಗಳು ಸಾಲಾಗಿ ನಿಲ್ಲುತ್ತವೆ, ಒಂದೊಂದು ಕಂಬವೂ ಒಂದೊಂದು ದಿನ ಹೊರಟರೆ ಆಗುವ ದರ. ಗಿಡ್ಡ ಕಂಬ ಎಲ್ಲಿದೆಯೋ ಅವತ್ತು ಹೊರಡಿ.

ದರ ಏರೋದಕ್ಕೆ ಬರುತ್ತೇನೆ. ಅದು ಪ್ರತಿ ಸಲ ಮೋಸ ಅಲ್ಲ. ಮ್ಯಾಪ್, ಕ್ಯಾಲೆಂಡರ್‌ಗಳಲ್ಲಿ ಕಾಣೋದು ಹೆಚ್ಚಾಗಿ ಹಿಂದಿನ ಹುಡುಕಾಟಗಳಲ್ಲಿ ಸಿಕ್ಕಿ ಉಳಿಸಿಟ್ಟ ದರ. ನೀವು ಒತ್ತಿದಾಗಷ್ಟೇ ಹೊಸದಾಗಿ ಕೇಳಿ ತರುತ್ತಾರೆ. ಅಷ್ಟರಲ್ಲಿ ಆ ಸೀಟು ಹೋಗಿರಬಹುದು. ಹಾಗಾಗಿ ಮ್ಯಾಪಿನ ದರ ಊರು ಆರಿಸೋಕೆ ಮಾತ್ರ, ಬಜೆಟ್ ಹಾಕೋಕಲ್ಲ. ಕೊನೆಗೆ ವಿಮಾನ ಕಂಪನಿಯ ಸೈಟಲ್ಲೇ ನೋಡಿ. ಸ್ವಲ್ಪ ಜಾಸ್ತಿಯಾದರೂ ಅಲ್ಲೇ ಕೊಳ್ಳಿ ಅಂತೀನಿ. ಒಮ್ಮೆ ಚಿಲ್ಲರೆ ಉಳಿಸಲು ಹೋಗಿ ಮಧ್ಯವರ್ತಿಯ ಹತ್ತಿರ ಕೊಂಡಿದ್ದೆ. ತಾರೀಖು ಬದಲಿಸಬೇಕಾದಾಗ ಮಧ್ಯವರ್ತಿ ವಿಮಾನ ಕಂಪನಿಯನ್ನು ಕೇಳಿ ಅಂದರು, ಕಂಪನಿಯವರು ಮಧ್ಯವರ್ತಿಯನ್ನು ಕೇಳಿ ಅಂದರು.

ವಾಪಸ್ ಟಿಕೆಟ್ ವಿಷಯ ಸ್ವಲ್ಪ ಸೂಕ್ಷ್ಮ. ಅಗ್ಗದ ವಿಮಾನಗಳಲ್ಲಿ ಹೋಗೋದು, ಬರೋದು ಸಾಮಾನ್ಯವಾಗಿ ಬೇರೆ ಬೇರೆ ದರ. ತಡವಾಗಿ ಕೊಂಡರೂ ನಡೆಯುತ್ತದೆ. ದೂರದ ದೊಡ್ಡ ವಿಮಾನಗಳಲ್ಲಿ ಒನ್‌ವೇ ಟಿಕೆಟ್ಟೇ ಕೆಲವೊಮ್ಮೆ ಹೋಗಿಬರುವ ಟಿಕೆಟ್ಟಿಗಿಂತ ದುಬಾರಿ! ಎರಡನ್ನೂ ಹಾಕಿ ನೋಡಿ. ಅದಕ್ಕಿಂತ ಮುಖ್ಯ, ಎಷ್ಟೋ ದೇಶಗಳು ಅಲ್ಲಿಂದ ಹೊರಡುವ ಟಿಕೆಟ್ ಇದ್ದರೆ ಮಾತ್ರ ಒಳಗೆ ಬಿಡುತ್ತವೆ. ಅದನ್ನು ಕೇಳೋದು ಇಳಿದ ಮೇಲಷ್ಟೇ ಅಲ್ಲ, ಹೊರಡುವಾಗಲೇ, ಚೆಕ್-ಇನ್ ಕೌಂಟರಲ್ಲೂ ಕೇಳಬಹುದು. ತಾರೀಖು ಬದಲಿಸಬಹುದಾದ ಟಿಕೆಟ್ ತಗೊಂಡರೆ ಒಳ್ಳೇದು. ಆದರೆ ‘ಬದಲಾವಣೆ ಉಚಿತ’ ಅಂದರೂ ಹೊಸ ತಾರೀಖಿನ ದರ ಜಾಸ್ತಿಯಿದ್ದರೆ ಆ ವ್ಯತ್ಯಾಸ ಸಾಮಾನ್ಯವಾಗಿ ಕಟ್ಟಬೇಕಾಗುತ್ತದೆ.

ಮೂರು ವಾರ ಇದೆಯಲ್ವಾ, ‘ಮಲ್ಟಿ ಸಿಟಿ’ಯನ್ನೂ ಒಮ್ಮೆ ಒತ್ತಿ. ಒಂದು ಊರಲ್ಲಿ ಇಳಿದು, ಸುತ್ತಾಡುತ್ತಾ ಹೋಗಿ ಇನ್ನೊಂದು ಊರಿಂದ ವಾಪಸಾಗಬಹುದು.

ತೀರಾ ಅಗ್ಗದ ಟಿಕೆಟ್ ಕಂಡರೆ ‘ಸೆಲ್ಫ್ ಟ್ರಾನ್ಸ್‌ಫರ್’ ಅಂತ ಬರೆದಿದೆಯಾ ನೋಡಿ. ಅಂದರೆ ಅವು ಎರಡು ಬೇರೆ ಟಿಕೆಟ್‌ಗಳು. ಮಧ್ಯದಲ್ಲಿ ಬ್ಯಾಗ್ ತಗೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಹೊರಗೆ ಬರೋಕೆ ಆ ದೇಶದ ವೀಸಾ ಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಆ ದುಡ್ಡು ಸಾಮಾನ್ಯವಾಗಿ ಹೋದಂತೆಯೇ.