ಮಂತ್ರಿ ಕೊಟ್ಟಿದ್ದನ್ನು ಬಿಡಿ, ಆನೆ ಎದ್ದು ಹೋಗಿದ್ದನ್ನು ನೋಡಿ

ಹಳೇ ಕಾಲದ ಇಟಲಿಯ ಚೆಸ್ ಆಟಗಾರ ಗ್ರೆಕೊ ಕರಿ ಕಾಯಿಯಲ್ಲಿ, ಮಂತ್ರಿ ಬಲಿ ಕೊಟ್ಟು ಗೆದ್ದ ಆಟವನ್ನು ಪೋಸ್ಟ್ ಹಾಕಿದ್ದಕ್ಕೆ ಥ್ಯಾಂಕ್ಸ್ ಸರ್. ನಾನೂರು ವರ್ಷ ಹಳೆಯ ಆಟ, ಈಗಲೂ ಕೊನೇ ಎರಡು ನಡೆಗೆ ಮೈ ಜುಮ್ಮೆನ್ನುತ್ತೆ. ಆದರೆ ಅದರ ಕೆಳಗೇ ನಿಮ್ಮದೇ ಕಡಿಮೆ ಸಮಯದ ರ‍್ಯಾಪಿಡ್ ಆಟ ಹಾಕಿದ್ದೀರಲ್ಲ, ಅದನ್ನು ನೋಡಿ ಸುಮ್ಮನಿರೋಕೆ ಆಗಲಿಲ್ಲ. ಸ್ಮದರ್ಡ್ ಮೇಟ್ (ತನ್ನದೇ ಕಾಯಿಗಳ ನಡುವೆ ಸಿಕ್ಕಿಬಿದ್ದ ರಾಜನಿಗೆ ಕುದುರೆ ಕೊಡೋ ಮೇಟ್) ಕಲಿತ ಹೊಸದರಲ್ಲಿ ನಾವೆಲ್ಲ ಮಾಡಿದ್ದನ್ನೇ ನೀವೂ ಮಾಡಿದ್ದೀರಿ.

(ಹೊಸಬರಿಗೆ: ಬಿಳಿಯವನ ಎಡದಿಂದ ಬಲಕ್ಕೆ ಎ-ಎಚ್ ಕಂಬಸಾಲು, ಅವನ ಕಡೆಯಿಂದ 1-8 ಅಡ್ಡಸಾಲು. ಮಂತ್ರಿ ಅಂದರೆ ಕ್ವೀನ್, ಆನೆ ರೂಕ್, ಒಂಟೆ ಬಿಷಪ್.) ನೀವು ಬಿಳಿ. ಬಿ3ರಲ್ಲಿ ನಿಮ್ಮ ಮಂತ್ರಿ, ಎಫ್7ರಲ್ಲಿ ಕುದುರೆ ಚೆಕ್ ಕೊಟ್ಟು ಕೂತಿದೆ, ಎದುರಾಳಿ ರಾಜ ಎಚ್8ರಿಂದ ಜಿ8ಕ್ಕೆ ಬಂದ. ಕೈಯಲ್ಲಿ ಮೇಟ್ ಇದೆ. ನೀವು ಮಾಡಿದ್ದೇನು? ಕುದುರೆಯನ್ನು ಇ5ಕ್ಕೆ ಹಾರಿಸಿ ಸಿ6ರ ಆನೆಗೆ ಗುರಿ ಇಟ್ಟಿರಿ, ಹೇಗೂ ಮಂತ್ರಿಯಿಂದ ಚೆಕ್ ಬೀಳುತ್ತಲ್ಲ ಅಂತ. ಅವನು ಸಿ8ರ ಒಂಟೆಯನ್ನು ಇ6ಕ್ಕೆ ತಂದು ಅಡ್ಡ ಇಟ್ಟ. ಚೆಕ್ಕೂ ಹೋಯಿತು, ನಿಮ್ಮ ಮಂತ್ರಿಗೇ ಏಟೂ ಬಿತ್ತು. ನೀವು ಆನೆಯನ್ನು ಹೊಡೆದರೆ ನಿಮ್ಮ ಮಂತ್ರಿ ಹೋಗುತ್ತೆ, ಮಂತ್ರಿ ಸರಿಸಿದರೆ ಆನೆ ತಪ್ಪಿಸಿಕೊಳ್ಳುತ್ತೆ. ಅಲ್ಲಿಗೆ ಮುಗೀತು.

ಕುದುರೆ ಎಚ್6ಕ್ಕೇ ಹೋಗಬೇಕು ಅನ್ನೋದು ಚೆಂದಕ್ಕಲ್ಲ. ಅದು ಡಬಲ್ ಚೆಕ್, ಕುದುರೆ ಮಂತ್ರಿ ಎರಡರಿಂದಲೂ ಒಟ್ಟಿಗೇ ಚೆಕ್. ಅಡ್ಡ ಇಡೋ ಹಾಗಿಲ್ಲ, ಜಿ7ರ ಪದಾತಿಯಿಂದ ಹೊಡೆಯೋ ಹಾಗೂ ಇಲ್ಲ, ರಾಜನೇ ಏಳಬೇಕು. ಎಫ್8ಕ್ಕೆ ಹೋದರೆ ಮಂತ್ರಿ ಎಫ್7ರಲ್ಲಿ ಮೇಟ್, ಎಚ್6ರ ಕುದುರೆ ಕಾವಲಿದೆ. ಎಚ್8ಕ್ಕೆ ವಾಪಸ್ ಹೋದರೆ ಮಂತ್ರಿ ಜಿ8ಕ್ಕೆ, ಇ8ರ ಆನೆ ಹೊಡೆಯಲೇಬೇಕು, ಕುದುರೆ ಎಫ್7ಕ್ಕೆ, ಆಟ ಮುಗೀತು. ಸ್ಪೇನಿನ ಲುಸೆನಾ 1497ರಲ್ಲಿ ಸಲಮಂಕಾದಲ್ಲಿ ತನ್ನ ಚೆಸ್ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದು ಇದೇ ವರಸೆ. ಹೆಸರು ಮಾತ್ರ 1726ರಲ್ಲಿ ಹುಟ್ಟಿದ ಫ್ರೆಂಚ್ ಆಟಗಾರ ಫಿಲಿಡೋರ್‌ಗೆ ಹೋಯಿತು, ಇರಲಿ.

ಜಿ8ರಲ್ಲಿ ಮಂತ್ರಿ ಕೊಡೋಕೆ ಧೈರ್ಯ ಬರಲಿಲ್ಲ ಅಂತ ಬರೆದಿದ್ದೀರಿ. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಮೊದಲ ಸಲ ಎಫ್7ಕ್ಕೆ ಹೋದ ಕುದುರೆಯನ್ನು ಯಾರೂ ಹೊಡೆಯಲಾಗಲಿಲ್ಲ ಅಂದರೆ ಕೊನೇ ಸಲ ಹೋದಾಗಲೂ ಬಹುತೇಕ ಹೊಡೆಯಲಾಗಲ್ಲ. ನಡುವೆ ಎಲ್ಲಾ ಚೆಕ್ಕೇ, ಹೊಸ ಕಾವಲು ತಂದು ನಿಲ್ಲಿಸೋಕೆ ಅವನಿಗೆ ಪುರಸೊತ್ತೆಲ್ಲಿ? ಬಹುತೇಕ ಅಂದೆ, ಗಮನಿಸಿ. ಎಫ್8ರಲ್ಲಿ ಆನೆ ಇದ್ದೂ ಬೇರೆ ಏನೋ ಕಾರಣಕ್ಕೆ ಹೊಡೆಯದೆ ಬಿಟ್ಟಿದ್ದರೆ, ಆಮೇಲೆ ಜಿ8ರ ಮಂತ್ರಿಯನ್ನು ಎಫ್6ರ ಕುದುರೆಯಿಂದ ಹೊಡೆದು, ಎಫ್7ಕ್ಕೆ ಆನೆಯನ್ನು ಉಳಿಸಿಕೊಂಡುಬಿಡಬಹುದು. ಆಗ ನಿಮ್ಮ ಮಂತ್ರಿ ಗೋವಿಂದ. ಹಾಗಾಗಿ ಎಫ್8 ಮೇಲೆ ಕಣ್ಣಿರಲಿ.

ಈಗ ಗ್ರೆಕೊ ಆಟಕ್ಕೆ. ಕೆಳಗೆ ಎಲ್ಲರೂ ‘ಮಂತ್ರಿ ಬಲಿ ಸೂಪರ್’ ಅಂತ ಬೆಂಕಿ ಇಮೋಜಿ ಒತ್ತಿದ್ದಾರೆ. ಆಟ ಕಂಡಿದ್ದು ಅಷ್ಟೇನಾ? ಬೋರ್ಡ್ ತೆಗೆದು ಕೊನೇ ಸ್ಥಿತಿ ಜೋಡಿಸಿ: ಬಿಳಿ ರಾಜ ಎಚ್1, ಪಕ್ಕ ಜಿ1ರಲ್ಲಿ ಅವನದೇ ಕುದುರೆ, ಜಿ2, ಎಚ್2 ಪದಾತಿ, ಎಫ್2ರಲ್ಲಿ ಕರಿ ಕುದುರೆ. ಇಲ್ಲಿಂದ ಒಂದೊಂದೇ ನಡೆ ಹಿಂದಕ್ಕೆ ಬನ್ನಿ. ಪ್ರತಿ ನಡೆಗೂ ‘ಇದು ಯಾಕೆ ಆಗುತ್ತೆ’ ಅಂತ ಕೇಳಿ. ನಾನು ಮಕ್ಕಳಿಗೆ ಹೇಳಿಕೊಡೋದೂ ಹೀಗೇ, ಮೊದಲಿನಿಂದ ಕೊನೆಗೆ ಯಾವತ್ತೂ ಹೇಳಲ್ಲ.

13ನೇ ನಡೆಯಲ್ಲಿ ಬಿಳಿಯವನು ಜಿ1ರ ಕರಿ ಮಂತ್ರಿಯನ್ನು ಕುದುರೆಯಿಂದ ಹೊಡೆದ. ಆನೆಯಿಂದ ಹೊಡೆದಿದ್ದರೂ ಕರಿ ಕುದುರೆ ಎಫ್2ರಲ್ಲಿ ಮೇಟೇ, ನೋಡಿಕೊಳ್ಳಿ. ಹಾಗಾದರೆ ರಾಜನೇ ಯಾಕೆ ಹೊಡೀಲಿಲ್ಲ? ಮಂತ್ರಿಗೆ ಕಾವಲಿದ್ದ ಸಿ5ರ ಕರಿ ಒಂಟೆ. ಡಿ4, ಇ3, ಎಫ್2 ಎಲ್ಲಾ ಖಾಲಿ, ಜಿ1 ತನಕ ಓಣಿ ಬಯಲು. ನಿಮ್ಮ ವರಸೆಯಲ್ಲಿ ಜಿ8ಕ್ಕೆ ಕಾವಲು ಎಚ್6ರ ಕುದುರೆ, ಇಲ್ಲಿ ಕುದುರೆ ಜಿ4ರಲ್ಲಿದೆ, ಅಲ್ಲಿಂದ ಜಿ1 ಸಿಗಲ್ಲ. ಒಂಟೆಯನ್ನು ಬೋರ್ಡಿನಿಂದ ಎತ್ತಿಟ್ಟು ನೋಡಿ, ರಾಜ ಆರಾಮಾಗಿ ಮಂತ್ರಿಯನ್ನು ತಿಂದು ಕೂರುತ್ತಾನೆ. ‘ಮಂತ್ರಿ ಕೊಡು, ಕುದುರೆ ಹಾಕು’ ಅಂತ ಬಾಯಿಪಾಠ ಮಾಡಿದವರು ಮುಗ್ಗರಿಸೋದು ಇಲ್ಲೇ.

ಆ ಓಣಿ ತೆಗೆದವರು ಯಾರು? ಬಿಳಿಯವನೇ. 10ನೇ ನಡೆಯಲ್ಲಿ ಅವನ ಕುದುರೆ ಡಿ4ರಲ್ಲಿ ಒಂಟೆಗೆ ಅಡ್ಡ ಕೂತಿತ್ತು. ಕರಿ ಮಂತ್ರಿ ಎಚ್4ಕ್ಕೆ ಬಂದ ತಕ್ಷಣ ಕುದುರೆಯನ್ನು ಎಫ್3ಕ್ಕೆ ತಂದ. ಎಷ್ಟು ಸಹಜ ನಡೆ! ಎಚ್2 ಉಳೀತು, ಮಂತ್ರಿಗೆ ಏಟೂ ಬಿತ್ತು. ನೂರಕ್ಕೆ ತೊಂಬತ್ತು ಜನ ಅದನ್ನೇ ಆಡ್ತಾರೆ. ಅದೇ ಕ್ಷಣ ಸಿ5ರಿಂದ ಎಫ್2 ತನಕ ದಾರಿ ತೆರೆದುಕೊಂಡಿತು.

ಇನ್ನೂ ಹಿಂದೆ ಹೋಗಿ. 5ನೇ ನಡೆಯಲ್ಲಿ, ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿಯೋದು) ಆದ ಮರುಗಳಿಗೆ, ಬಿಳಿ ಆನೆ ಎಫ್1ರಿಂದ ಇ1ಕ್ಕೆ. ಆನೆ ಎಫ್1ರಲ್ಲೇ ಇದ್ದಿದ್ದರೆ ಎಫ್2 ಹೊಡೆದ ಮಂತ್ರಿಯನ್ನು ಸುಮ್ಮನೆ ಎತ್ತಿಹಾಕುತ್ತಿತ್ತು, ಈ ಮೇಟೇ ಹುಟ್ಟುತ್ತಿರಲಿಲ್ಲ. ನಿಮ್ಮ ಎದುರಾಳಿ ಮಾಡಿದ್ದೂ ಅದನ್ನೇ, ಆನೆಯನ್ನು ಎಫ್8ರಿಂದ ಇ8ಕ್ಕೆ ಸರಿಸಿ ಎಫ್7 ಬೋಳು ಮಾಡಿದ. ನಾನು ಈ ಆಟವನ್ನು ಮೆಚ್ಚೋದು ಆ ಆನೆಗಾಗಿ. ಮಂತ್ರಿ ಬಲಿ ಅದರ ಬಡ್ಡಿ ಅಷ್ಟೇ.

ಹಾಗಂತ ಇನ್ಮೇಲೆ ಆನೆಯನ್ನು ಸರಿಸಲೇಬಾರದು ಅಂತಲ್ಲ, ಮತ್ತೆ ನನ್ನ ಮೇಲೆ ಬರಬೇಡಿ. ಆನೆ ಇ1 ಒಳ್ಳೆಯ ನಡೆಯೇ. ಸರಿಸೋ ಮುಂಚೆ ಎದುರಾಳಿಯ ಒಂಟೆ ಸಿ5ರಲ್ಲಿದೆಯಾ, ಕುದುರೆ ಜಿ4ಕ್ಕೆ ಬರಬಹುದಾ ಅಂತ ನೋಡಿ. ಎರಡೂ ಹೌದು ಅಂದರೆ ಪದಾತಿಯನ್ನು ಎಚ್3ಕ್ಕೆ ತಳ್ಳೋದು ಮೊದಲು. ಏನೂ ಇಲ್ಲದಾಗ ಸುಮ್ಮಸುಮ್ಮನೆ ಎಚ್3 ತಳ್ಳೋ ಚಟ ಬೇರೆ ರೋಗ, ಅದನ್ನು ಇನ್ನೊಂದು ದಿನ ಬೈತೀನಿ.

ಆಟ ಪರಿಶೀಲಿಸೋ ಕಂಪ್ಯೂಟರ್ ಎಂಜಿನ್ ಬಗ್ಗೆ ಕೇಳಿದ್ದಿರಿ. ಸ್ಟಾಕ್‌ಫಿಶ್ ಹಚ್ಚಿ, ಆದರೆ ಕೊನೆಯಲ್ಲಿ. ಮೊದಲೇ ಹಚ್ಚಿದರೆ ಕುದುರೆ ಎಫ್3 ನಡೆಗೆ ಕೆಂಪು ಗುರುತು ಬೀಳುತ್ತೆ, ನೀವು ‘ಓಹೋ’ ಅಂತೀರಿ, ಕಲಿಕೆ ಸೊನ್ನೆ. ಅಭ್ಯಾಸಕ್ಕೆ ಲಿಚೆಸ್ ಜಾಲತಾಣ ಸಾಕು, ಪೂರ್ತಿ ಉಚಿತ, ಪಜಲ್‌ಗಳಲ್ಲಿ ಸ್ಮದರ್ಡ್ ಮೇಟ್ ಅಂತಲೇ ಒಂದು ವಿಭಾಗ ಇದೆ. ಎರಡು ದಿನ ಅದನ್ನು ಮಾಡಿ, ಆಮೇಲೆ ಮಿಶ್ರ ಪಜಲ್‌ಗೆ ಬನ್ನಿ. ಮೇಲೆ ವಿಭಾಗದ ಹೆಸರಿನಲ್ಲೇ ಉತ್ತರ ಬರೆದಿಟ್ಟುಕೊಂಡು ಲೆಕ್ಕ ಮಾಡಿದರೆ ಯಾರಿಗೆ ಬರಲ್ಲ?

ಬೋರ್ಡ್ ಅಂದೆನಲ್ಲ, ಫೋನ್ ಪರದೆ ಸಾಲದು. ಅಮೃತಸರದ ಸ್ಟಾಂಟನ್ ಸೆಟ್ (ಟೂರ್ನಿಗಳಲ್ಲಿ ಬಳಸೋ ಮಾದರಿ) ತಗೊಳ್ಳಿ, ರಾಜ 3.75 ಇಂಚು, ಮನೆ 2.25 ಇಂಚು. ರೋಮನ್ ಸೈನಿಕ, ಸೂಪರ್‌ಹೀರೋ ಅಂತ ಗೊಂಬೆ ಸೆಟ್ ತಂದು ಶೋಕೇಸ್‌ನಲ್ಲಿಡಿ, ಆಡಬೇಡಿ. ಒಂಟೆ ಯಾವುದು ಪದಾತಿ ಯಾವುದು ಗೊತ್ತಾಗಲ್ಲ.

ಕುದುರೆ ಕಣ್ಣು ಬರಬೇಕು ಅಂದರೆ ಖಾಲಿ ಬೋರ್ಡ್ ಮೇಲೆ 64 ಮನೆಗೂ ಒಂದೊಂದೇ ಸಲ ಕುದುರೆ ಓಡಿಸಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಕುದುರೆ ನಡೆಯಲ್ಲಿ ಎಷ್ಟೊಂದು ಬಂಧ, ಅಂದರೆ ವಿನ್ಯಾಸ, ಕಟ್ಟಿದ್ದಾರೆ! ನಮಗೆ ಒಂದು ಬಂದರೂ ಸಾಕು.

ಕೊನೆಗೆ, ನೀವು ಕರಿ ಕಾಯಿಯಲ್ಲಿ ಕಾರೋ-ಕಾನ್ ಅನ್ನೋ ಆರಂಭ ಆಡ್ತೀರಿ ಅಂತ ಪ್ರೊಫೈಲ್‌ನಲ್ಲಿ ಕಂಡಿತು. ಇ4 ಸಿ6, ಡಿ4 ಡಿ5, ಕುದುರೆ ಸಿ3, ಪದಾತಿ ಇ4 ಹೊಡೆದು, ಕುದುರೆ ವಾಪಸ್ ಹೊಡೆದು, ನೀವು ಕುದುರೆ ಡಿ7. ಆಗ ಬಿಳಿ ಮಂತ್ರಿ ಇ2ಕ್ಕೆ ಬಂದರೆ ಕೈ ತಡೀರಿ. ಜಿ8ರ ಕುದುರೆ ಎಫ್6ಕ್ಕೆ ಇಟ್ಟರೆ ಬಿಳಿ ಕುದುರೆ ಡಿ6ರಲ್ಲಿ ಮೇಟ್. ಇ7ರ ಪದಾತಿ ಮಂತ್ರಿಯ ಪಿನ್‌ನಲ್ಲಿದೆ, ಸರಿದರೆ ರಾಜನಿಗೇ ಚೆಕ್, ಹಾಗಾಗಿ ಹೊಡೆಯೋಕೆ ಆಗಲ್ಲ. 1935ರಲ್ಲಿ ಸ್ಪೇನಿನ ಪಾಲ್ಮಾದಲ್ಲಿ ವಿಶ್ವ ಚಾಂಪಿಯನ್ ಅಲೆಖಿನ್ ಎದುರು ನಾಲ್ಕು ಜನ ಸೇರಿ ಯೋಚಿಸಿ ಆಡಿ ಇದಕ್ಕೇ ಬಿದ್ದರು. ಮೊದಲು ಇ6 ತಳ್ಳಿ, ಇಲ್ಲವೇ ಡಿ7ರ ಕುದುರೆಯನ್ನೇ ಎಫ್6ಕ್ಕೆ ತನ್ನಿ. ಬ್ಲಿಟ್ಜ್‌ನಲ್ಲಿ ಪ್ರೀ-ಮೂವ್, ಅಂದರೆ ಎದುರಾಳಿ ಆಡೋ ಮುಂಚೆಯೇ ತಮ್ಮ ನಡೆ, ಹಾಕೋರು ಈ ಸಾಲನ್ನು ಎರಡು ಸಲ ಓದಿ.