ಟೊಮ್ಯಾಟೊ ಘಟಕ ಹಾಕುವ ಮೊದಲು ಮಿಡಿಸೌತೆಯ ಲೆಕ್ಕ ನೋಡಿ

ಮಾನ್ಯರೇ, ಕೋಲಾರದ ಮಂಡಿಯಲ್ಲಿ ಬೆಲೆ ಬಿದ್ದಾಗಲೆಲ್ಲ ಹಣ್ಣನ್ನು ರಸ್ತೆಬದಿಗೆ ಸುರಿಯುವ ಬದಲು ಹತ್ತು ಮಂದಿ ರೈತರು ಸೇರಿ ಕೆಚಪ್ ಘಟಕ ಹಾಕಬಾರದೇಕೆ ಎಂದು ತಾವು ಕೇಳಿದ್ದೀರಿ. ಮುಳಬಾಗಿಲು ಕಡೆ ಬಹಳ ವರ್ಷ ಟೊಮ್ಯಾಟೊ ಬೆಳೆದು, ನಡುವೆ ಆರು ವರ್ಷ ಕಂಪನಿಯೊಂದಕ್ಕೆ ಮಿಡಿಸೌತೆ (ಉಪ್ಪಿನಕಾಯಿಗೆ ಬಳಸುವ ಎಳೆ ಸೌತೆ, ಗರ್ಕಿನ್) ಬೆಳೆದುಕೊಟ್ಟವನಾಗಿ ಹೇಳುವುದಾದರೆ, ಬೆಲೆ ಬಿದ್ದ ದಿನದ ಹಣ್ಣನ್ನು ನಂಬಿಕೊಂಡು ಯಾವ ಘಟಕವೂ ನಡೆಯುವುದಿಲ್ಲ. ಘಟಕಕ್ಕೆ ಬೇಕಾದ ಹಣ್ಣನ್ನು ಘಟಕಕ್ಕೆಂದೇ ನಾಟಿ ಮಾಡಬೇಕಾಗುತ್ತದೆ.

ನಾವು ಬೆಳೆಯುವ ಹೈಬ್ರಿಡ್‌ಗಳು ಲಾರಿಯಲ್ಲಿ ದೂರದ ರಾಜ್ಯಗಳಿಗೆ ಹೋದರೂ ಒಡೆಯದಿರಲೆಂದು ಆರಿಸಿಕೊಂಡವು. ಹಣ್ಣು ಗಟ್ಟಿಯೇನೋ ಹೌದು, ಆದರೆ ರಸದಲ್ಲಿ ಘನಾಂಶ, ಅಂದರೆ ನೀರು ಬಿಟ್ಟು ಉಳಿಯುವ ಭಾಗ, ಸಾಮಾನ್ಯವಾಗಿ ಶೇ 4ರಿಂದ 4.5ರಷ್ಟಿರುತ್ತದೆ. ಶೇ 28 ಘನಾಂಶದ ಪೇಸ್ಟ್ ಮಾಡುವಾಗ ಶೇ 4.5ರ ರಸವಾದರೆ ಒಂದು ಕೆಜಿ ಪೇಸ್ಟಿಗೆ 6 ಕೆಜಿಗೂ ಹೆಚ್ಚು ರಸ ಬೇಕು, ಶೇ 5.5 ಇದ್ದರೆ ಸುಮಾರು 5 ಕೆಜಿ ಸಾಕು. ಸಿಪ್ಪೆ, ಬೀಜದಲ್ಲಿ ಹೋಗುವುದು ಬೇರೆ. ಆ ಒಂದು ಕೆಜಿ ಹೆಚ್ಚುವರಿ ನೀರನ್ನು ಆವಿ ಮಾಡುವ ಇಂಧನದ ಖರ್ಚಿನಲ್ಲೇ ಲಾಭ ಕರಗುತ್ತದೆ. ಸಂಸ್ಕರಣೆಗೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ವಿಶೇಷ್, ಅರ್ಕಾ ಅಪೇಕ್ಷಾ ಎಂಬ ತಳಿಗಳನ್ನು ನೀಡಿದೆ. ಇನ್ನು ಕೆಚಪ್ ಎಂದರೆ ಸಕ್ಕರೆಯೂ ಸೇರಿ ಕನಿಷ್ಠ ಶೇ 25 ಘನಾಂಶ ಇರಬೇಕೆಂಬುದು ನಿಯಮ; ಅನೇಕ ಸಣ್ಣ ತಯಾರಕರು ಡ್ರಮ್ಮಿನಲ್ಲಿ ಬರುವ ಪೇಸ್ಟ್ ಕೊಂಡು ಸಕ್ಕರೆ, ವಿನೆಗರ್ ಬೆರೆಸುತ್ತಾರೆಯೇ ಹೊರತು ಹಣ್ಣನ್ನು ಮುಟ್ಟುವುದೇ ಇಲ್ಲ.

ಮಿಡಿಸೌತೆಯ ಕತೆ ಇದಕ್ಕೆ ತಿರುವುಮುರುವು. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾದ ಈ ಉದ್ಯಮ 2020-21ರ ಹೊತ್ತಿಗೆ ದೇಶದಿಂದ 2.23 ಲಕ್ಷ ಟನ್ ರಫ್ತು ಮಾಡುವ ಮಟ್ಟಕ್ಕೆ ಬೆಳೆಯಿತು. ಇಲ್ಲಿ ಕೊಳ್ಳುವವರು ಮೊದಲು ಬಂದರು, ಬೆಳೆ ಆಮೇಲೆ ಬಂತು. ಕಂಪನಿಯವರೇ ಬೀಜ, ಗೊಬ್ಬರವನ್ನು ಸಾಲವಾಗಿ ಕೊಟ್ಟು, ಗಾತ್ರಕ್ಕೆ ತಕ್ಕ ದರವನ್ನು ಬಿತ್ತನೆಗೆ ಮೊದಲೇ ಗೊತ್ತುಮಾಡಿ, ಕಾಯಿಯನ್ನು ಉಪ್ಪುನೀರಿನಲ್ಲೋ ವಿನೆಗರಿನಲ್ಲೋ ತುಂಬಿ ಹಡಗಿಗೇರಿಸುತ್ತಿದ್ದರು. ಕಾಯಿ ಚಿಕ್ಕದಾದಷ್ಟೂ ದರ ಹೆಚ್ಚು. ಒಂದು ದಿನ ಕೀಳುವುದು ತಪ್ಪಿದರೆ ಕಾಯಿ ದಪ್ಪವಾಗಿ ಕೆಳಗಿನ ದರ್ಜೆಗೆ ಇಳಿಯುತ್ತಿತ್ತು. ಬೆನ್ನು ಮುರಿಯುವ ಕೆಲಸ, ಅದನ್ನು ಮುಚ್ಚಿಡುವುದಿಲ್ಲ. ಊರಿನ ಸಂತೆಯಲ್ಲಿ ಅದನ್ನು ಕೇಳುವವರಿಲ್ಲದ ಕಾರಣ ಒಪ್ಪಂದ ಮುರಿದು ಬೇರೆಡೆ ಮಾರುವ ಆಸೆಯೂ ಹುಟ್ಟುತ್ತಿರಲಿಲ್ಲ.

ಟೊಮ್ಯಾಟೊ ಹಾಗಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗ, ಕೆಜಿಗೆ ಇಷ್ಟೆಂದು ಒಪ್ಪಿಕೊಂಡಿದ್ದ ರೈತ ಹಣ್ಣನ್ನು ಘಟಕಕ್ಕೆ ತರುತ್ತಿದ್ದನೇ? ನಾನಂತೂ ತರುತ್ತಿರಲಿಲ್ಲ. ಆದುದರಿಂದ ತಾವು ಹತ್ತು ಮಂದಿ, ಪ್ರತಿಯೊಬ್ಬರೂ ಎಷ್ಟು ಗುಂಟೆಯ ಬೆಳೆಯನ್ನು ಮಂಡಿಯ ದರ ಏನೇ ಇರಲಿ ಘಟಕಕ್ಕೇ ಕೊಡುವಿರಿ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ.

ಪೇಸ್ಟಿನ ಆಸೆ ಬಿಟ್ಟು, ಅದಕ್ಕಿಂತ ತೆಳುವಾದ ಪ್ಯೂರಿಗೆ ನಿಲ್ಲುವುದು ಲೇಸೆಂದು ನನ್ನ ಅಭಿಪ್ರಾಯ. ಅದಕ್ಕೆ ಶೇ 9 ಘನಾಂಶ ಸಾಕು. ಹಣ್ಣಿನ ಹುಳಿ ಹೆಚ್ಚಿರುವುದರಿಂದ ಚೆನ್ನಾಗಿ ಕಾಯಿಸಿ ಬಿಸಿಯಾಗಿಯೇ ತುಂಬಿ ಮುಚ್ಚಬಹುದು, ಆದರೆ ಪ್ರತಿ ಸಲವೂ ಹುಳಿಯ ಮಟ್ಟವನ್ನು ಅಳೆಯಲೇಬೇಕು. ಜರಡಿ ಬದಲಿಸಿಕೊಂಡರೆ, ಹಣ್ಣಿನ ತಿರುಳು ತೆಗೆಯುವ ಅದೇ ಪಲ್ಪರ್‌ನಲ್ಲಿ ಮೇ ತಿಂಗಳಿನಿಂದ ಜುಲೈವರೆಗೆ ಶ್ರೀನಿವಾಸಪುರದ ತೋತಾಪುರಿ ಮಾವನ್ನೂ ಓಡಿಸಬಹುದು. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ನಮ್ಮ ತೋತಾಪುರಿ ಅಲ್ಲಿಗೆ ಬರದಂತೆ ತಡೆಯೊಡ್ಡಿದಾಗ ಇಲ್ಲಿಯವರು ಪಟ್ಟ ಪಾಡು ತಮಗೂ ನೆನಪಿರಬಹುದು.

ಹಣಕ್ಕೆ, ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು ಕೇಂದ್ರವು 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯಿದೆ. ಕೇಂದ್ರದ ಸಹಾಯಧನ ಶೇ 35, ಗರಿಷ್ಠ 10 ಲಕ್ಷ ರೂಪಾಯಿ. ರಾಜ್ಯವೂ ಸೇರಿಸಿ ಶೇ 50ರವರೆಗೆ, ಗರಿಷ್ಠ 15 ಲಕ್ಷ ಎಂದು ಮಾಡಿತ್ತು. ಅರ್ಜಿ ಈಗಲೂ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ಜಿಲ್ಲಾ ಕೃಷಿ ಕಚೇರಿಯಲ್ಲಿಯೋ ವಿಚಾರಿಸಿ. ಅದಕ್ಕೂ ಮುಂಚೆ ಬೆಂಗಳೂರಿನ ನಾಲ್ಕು ಹೋಟೆಲು, ಎರಡು ಅಡುಗೆ ಗುತ್ತಿಗೆದಾರರ ಬಳಿ ಮಾದರಿ ಬಾಟಲಿ ಹಿಡಿದು ಹೋಗಿ, ತಿಂಗಳಿಗೆ ಎಷ್ಟು ಕೆಜಿ, ಯಾವ ದರಕ್ಕೆ ಕೊಳ್ಳುವರೆಂದು ಕೇಳಿಕೊಂಡು ಬನ್ನಿ. ಆ ಲೆಕ್ಕವನ್ನು ಯಂತ್ರದ ಕೊಟೇಶನ್ ಜೊತೆ ಇಲ್ಲಿ ಹಾಕಿದರೆ ಕೂತು ನೋಡೋಣ.