ಇನ್ನು ಎರಡೂವರೆ ತಿಂಗಳ ಭಾನುವಾರ ನಿಮ್ಮದೇ

ಸುರತ್ಕಲ್‌ನಿಂದ ಒಬ್ಬ ಓದುಗರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರ ಉದ್ದವಿತ್ತು. ಮುಖ್ಯ ಭಾಗ ಇದು:

"ನಮ್ಮ ಮದುವೆಯಾಗಿ ಆರು ವರ್ಷ. ನಾನು ಮಂಗಳೂರಿನ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದೇನೆ. ನಮ್ಮವರು ಬೈಕಂಪಾಡಿಯ ಒಂದು ಕಂಪನಿಯಲ್ಲಿ. ಮನೆಯಲ್ಲಿ ಅತ್ತೆ ಇದ್ದಾರೆ. ಜಗಳ ಅಂತ ಹೇಳುವಂಥದ್ದು ನಮ್ಮಲ್ಲಿ ಇಲ್ಲ. ಆದರೆ ವರ್ಷಕ್ಕೊಮ್ಮೆ ರಜೆ ಹೊಂದಿಸಿ ದೂರ ಪ್ರವಾಸ ಹೋಗುತ್ತೇವೆ ನೋಡಿ, ಅಲ್ಲಿ ಮೂರನೇ ದಿನಕ್ಕೆ ಮಾತು ನಿಲ್ಲುತ್ತದೆ. ಈ ಏಪ್ರಿಲ್‌ನಲ್ಲಿ ಮನಾಲಿಗೆ ಹೋದಾಗಲೂ ಅದೇ ಕಥೆ. ಇವರು ಬೆಳಗ್ಗೆ ಐದಕ್ಕೆ ಎಬ್ಬಿಸುವುದು, ಫೋನಿನಲ್ಲಿ ಬರೆದುಕೊಂಡ ಪಟ್ಟಿ ಹಿಡಿದು ಓಡಿಸುವುದು. ನನಗೆ ಒಂದು ಕಡೆ ಚಹಾ ಕುಡಿಯುತ್ತ ಸುಮ್ಮನೆ ಕೂರಬೇಕಿತ್ತು. 'ಇಷ್ಟು ದುಡ್ಡು ಹಾಕಿ ಬಂದು ಕೂರುವುದಾ?' ಅಂದರು. ವಾಪಸ್ ಬರುವಾಗ ವಿಮಾನದಲ್ಲಿ ಇಬ್ಬರದ್ದೂ ಮೌನವ್ರತ. ಮನೆಗೆ ಬಂದು ಅತ್ತೆ ಮಾಡಿದ ಸಾರು ಅನ್ನ ಊಟ ಮಾಡಿದ ಮೇಲೆ ಎಲ್ಲ ಸರಿಯಾಯಿತು. ಈಗ ಮುಂದಿನ ಸಲ ರಾಜಸ್ಥಾನ ಅನ್ನುತ್ತಿದ್ದಾರೆ. ಬೇಡ ಅನ್ನಲಾ? ಜೊತೆಯಾಗಿ ತಿರುಗುವ ಗುಣವೇ ನಮ್ಮಲ್ಲಿ ಇಲ್ವಾ?"

ಬೇಡ ಅನ್ನಬೇಡಿ. ಗುಣದ ಪ್ರಶ್ನೆಯೂ ಇದಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮನಾಲಿಯಲ್ಲ, ಎರಡನೇ ಪುಟ. ಅಲ್ಲಿ ಈ ವರ್ಷದ ಭಾನುವಾರಗಳು ಹೇಗೆ ಕಳೆದವು ಎಂದು ನೀವೇ ಬರೆದಿದ್ದೀರಿ. ದೊಡ್ಡಮ್ಮನ ಮಗಳ ಮೆಹೆಂದಿ. ಅದರ ಮರುವಾರ ಮದುವೆ, ಆಮೇಲೆ ಬೀಗರ ಔತಣ. ಕಿನ್ನಿಗೋಳಿಯಲ್ಲಿ ಗೃಹಪ್ರವೇಶ. ಕುಟುಂಬದ ಮನೆಯಲ್ಲಿ ದೈವಗಳಿಗೆ ತಂಬಿಲ ಸೇವೆ. ಯಾರದ್ದೋ ಹರಕೆಯ ಕಟೀಲು ಮೇಳದ ಯಕ್ಷಗಾನ ಆಟ. ಎಲ್ಲ ಕಡೆಗೂ ಇಬ್ಬರೂ ಹೋಗಿದ್ದೀರಿ, ಸಂತೋಷ. ಆದರೆ ಅಲ್ಲಿ ಹೋದ ಮೇಲೆ ನಿಮ್ಮವರು ಗಂಡಸರ ಗುಂಪಿನಲ್ಲಿ, ನೀವು ಅತ್ತೆಯ ಪಕ್ಕದಲ್ಲಿ. ಊಟದ ಪಂಕ್ತಿಯೂ ಬೇರೆ. ಒಟ್ಟಿಗೆ ಸಿಗುವುದು ಸ್ಕೂಟರಿನಲ್ಲಿ, ಅದೂ ಇಬ್ಬರಿಗೂ ಹೆಲ್ಮೆಟ್. ಮುಂದೆ ಕೂತವರು ಹೇಳಿದ್ದು ಹಿಂದಿನವರಿಗೆ ಕೇಳುವುದಿಲ್ಲ.

ವಾರದ ದಿನಗಳ ಲೆಕ್ಕ ನಮಗೆಲ್ಲ ಗೊತ್ತಿರುವುದೇ. ನೀವು ಬಸ್ಸು ಇಳಿದು ಮನೆ ಸೇರುವಾಗ ಏಳು, ಅವರು ಬರುವಾಗ ಎಂಟು. ನಾಳೆಗೆ ಅಕ್ಕಿ ನೆನೆಹಾಕಿದೆಯಾ, ಗ್ಯಾಸ್ ಬುಕ್ ಮಾಡಿದ್ದಾಯಿತಾ, ಇಷ್ಟೇ ಮಾತು. ಇದರಲ್ಲಿ ತಪ್ಪೇನೂ ಇಲ್ಲ, ಸಂಸಾರ ನಡೆಯುವುದು ಹೀಗೆಯೇ. ಆದರೆ ಇಬ್ಬರೇ ಇರುವುದು, ಎದುರಿಗೆ ಯಾವ ಕೆಲಸವೂ ಇಲ್ಲದೆ ಅರ್ಧ ದಿನ ಜೊತೆಗಿರುವುದು, ಈ ಆರು ವರ್ಷದಲ್ಲಿ ನಿಮಗೆ ರೂಢಿಯೇ ಆಗಿಲ್ಲ. ಒಮ್ಮೆಲೆ ಎಂಟು ದಿನ, ಹೋಟೆಲಿನ ಒಂದೇ ಕೋಣೆ, ಗುರುತಿಲ್ಲದ ಊರು. ಹೆಜ್ಜೆ ಕಲಿಯದೆ ವೇಷ ಕಟ್ಟಿ ನೇರ ರಂಗಸ್ಥಳಕ್ಕೆ ಹೋದ ಹಾಗೆ. ಮೂರನೇ ದಿನದವರೆಗೆ ತಾಳಿಕೊಂಡದ್ದೇ ದೊಡ್ಡದು ಮಾರಾಯ್ರೇ!

ನಿಮ್ಮವರ ಪರವಾಗಿಯೂ ಒಂದು ಮಾತು ಹೇಳಬೇಕು. ಐದು ಗಂಟೆಗೆ ಎಬ್ಬಿಸಿದ್ದು ಹಟದಿಂದಲ್ಲ. ವರ್ಷಕ್ಕೆ ಒಂದೇ ಸಲ ಸಿಗುವ ರಜೆ, ಇಷ್ಟು ದೂರ ಮತ್ತೆ ಬರುತ್ತೇವೋ ಇಲ್ಲವೋ, ಏನಾದರೂ ತಪ್ಪಿಹೋದರೆ ಎಂಬ ಗಾಬರಿ. ಪಟ್ಟಿ ಹುಟ್ಟುವುದು ಅಲ್ಲಿಂದ. ಮನಾಲಿಯಲ್ಲಿ ಬಿಟ್ಟುಹೋದದ್ದನ್ನು ಮುಂದಿನ ಭಾನುವಾರ ನೋಡಲಿಕ್ಕೆ ಆಗುವುದಿಲ್ಲ. ಕಾರ್ಕಳದಲ್ಲಿ ಬಿಟ್ಟುಹೋದದ್ದನ್ನು ನೋಡಬಹುದು.

ಹಾಗಾಗಿ ರಾಜಸ್ಥಾನಕ್ಕೆ ಮೊದಲು ಒಂದಷ್ಟು ಅರ್ಧ ದಿನಗಳು ಬೇಕು. ಅದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ. ಪತ್ತನಾಜೆ ಕಳೆಯಿತು. ತುಳುವರ ಬೇಷ ತಿಂಗಳ ಹತ್ತನೇ ದಿನವಾದ ಅಂದಿಗೆ ದೈವಗಳ ಕೋಲ, ನೇಮ ನಿಂತವು, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರು. ಜುಲೈ ಮಧ್ಯಕ್ಕೆ ಆಟಿ ತಿಂಗಳು ಶುರುವಾಗುತ್ತದೆ, ಆಮೇಲೆ ಒಂದು ತಿಂಗಳು ಮದುವೆಯೂ ಇಲ್ಲ, ಗೃಹಪ್ರವೇಶವೂ ಇಲ್ಲ. ನಮ್ಮ ಕರಾವಳಿಯಲ್ಲಿ ಭಾನುವಾರ ಖಾಲಿ ಸಿಗುವುದು ಈ ದಿನಗಳಲ್ಲಿ ಮಾತ್ರ. ಮಳೆ ಅಂತ ಹೇಳಿ ಅದನ್ನೂ ಟೀವಿ ಮುಂದೆ ಕಳೆಯುತ್ತೇವೆ.

ಮೊದಲೇ ಹೇಳಿಬಿಡುತ್ತೇನೆ, ಈಗ ಸಮುದ್ರದ ಕಡೆ ಬೇಡ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲ ಮುಗಿಯುವವರೆಗೆ ಇಲ್ಲ. ಪಣಂಬೂರಿನಲ್ಲೂ ದಡದಲ್ಲಿ ನಿಂತು ನೋಡಿ ಬರಬಹುದು ಅಷ್ಟೆ, ನೀರಿಗಿಳಿಯುವ ಯೋಚನೆ ಬೇಡ.

ಮೂಡುಬಿದಿರೆಗೆ ಹೋಗಿ. ಮೂಲ್ಕಿಯಿಂದ ಒಳಗೆ ತಿರುಗಿ ಕಿನ್ನಿಗೋಳಿ ಮೇಲೆ ಹೋದರೆ ನಿಮಗೆ ದೂರವೇನಲ್ಲ. ಸ್ಕೂಟರ್ ಮನೆಯಲ್ಲಿರಲಿ, ಬಸ್ಸಿನಲ್ಲಿ ಹೋಗಿ. ಕಂಡಕ್ಟರು ಸೀಟಿ ಊದಿ "ರೈಟ್, ಪೋಯಿ" ಅಂದ ಮೇಲೆ ನಿಮಗೆ ಬೇರೆ ಕೆಲಸವಿಲ್ಲ. ರಸ್ತೆಯ ಹೊಂಡ ನೋಡಬೇಕಾದವರು ಡ್ರೈವರು. ಪಕ್ಕಪಕ್ಕ ಕೂತರೆ ಮಾತು ಕೇಳುತ್ತದೆ. ಮಾತು ಬಾರದಿದ್ದರೆ ಕಿಟಕಿಯಾಚೆ ನಾಟಿ ಗದ್ದೆ ಉಂಟು.

ಮೂಡುಬಿದಿರೆಯಲ್ಲಿ 18 ಬಸದಿಗಳಿವೆ. ಇದನ್ನು ನಿಮ್ಮವರಿಗೆ ಹೇಳಬೇಡಿ, ಪಟ್ಟಿ ಮಾಡಿಬಿಡುತ್ತಾರೆ. ಸಾವಿರ ಕಂಬದ ಬಸದಿ ಒಂದೇ ಸಾಕು. 1430ರಲ್ಲಿ ಕಟ್ಟಿದ್ದು. ನಮ್ಮ ಮಳೆಗೆ ಹೇಳಿ ಮಾಡಿಸಿದ ಇಳಿಜಾರು ಮಾಡು, ಒಳಗೆ ತಣ್ಣಗಿನ ಕಲ್ಲಿನ ಜಗಲಿ. ಕಂಬಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಅನ್ನುತ್ತಾರೆ. ಹೌದೋ ಅಲ್ಲವೋ ನೋಡಿ ಬರುವ ಕೆಲಸವನ್ನು ನಿಮ್ಮವರಿಗೆ ವಹಿಸಿ. ಒಂದು ಕಂಬದಲ್ಲಿ ಬಳ್ಳಿ, ಇನ್ನೊಂದರಲ್ಲಿ ಗಂಟು ಹಾಕಿದ ಹಗ್ಗದಂಥ ಕೆತ್ತನೆ, ಮತ್ತೊಂದು ನುಣುಪು, ಕೈಯಾಡಿಸಿದರೆ ಜಾರುತ್ತದೆ. ಮುಂದಿನ ಭೈರಾದೇವಿ ಮಂಟಪದ ಬುಡದಲ್ಲಿ ಬಗ್ಗಿ ಹುಡುಕಿದರೆ ಜಿರಾಫೆ ಸಿಗುತ್ತದೆ, ಚೀನಾದ ಡ್ರ್ಯಾಗನ್ ಸಿಗುತ್ತದೆ. ಆ ಕಾಲಕ್ಕೆ ಮೂಡುಬಿದಿರೆಯ ಶಿಲ್ಪಿಗೆ ಜಿರಾಫೆ ಹೇಗೆ ಗೊತ್ತಾಯಿತು ಎಂದು ಇಬ್ಬರೂ ತರ್ಕ ಮಾಡಿ. ಸಮುದ್ರ ದಾಟಿ ವ್ಯಾಪಾರಕ್ಕೆ ಬಂದವರು ಹೇಳಿರಬೇಕು ಅನ್ನುವುದು ಎಲ್ಲರೂ ಕೊಡುವ ಉತ್ತರ. ನಿಮಗೆ ಬೇರೆ ಹೊಳೆದರೂ ಹೊಳೆಯಬಹುದು. ಅವರು ಕಂಬ ಸುತ್ತುತ್ತಿರುವಾಗ ನೀವು ಜಗಲಿಯಲ್ಲಿ ಕೂತು ಮಳೆ ನೋಡಿ. ಮನಾಲಿಯಲ್ಲಿ ಆಗದೇ ಇದ್ದದ್ದು ಇದೇ ಅಲ್ವಾ? ಒಬ್ಬರು ಓಡಾಡಬೇಕು, ಇನ್ನೊಬ್ಬರು ಕೂರಬೇಕು. ಎರಡೂ ಒಂದೇ ಜಾಗದಲ್ಲಿ ಆಗುತ್ತದೆ, ಇಬ್ಬರೂ ಅಂಟಿಕೊಂಡೇ ಇರಬೇಕೆಂದಿಲ್ಲ.

ಬೆಳಗ್ಗೆ ಎದ್ದು ಬುತ್ತಿ ಕಟ್ಟುವ ಉಸಾಬರಿ ಮಾತ್ರ ಬೇಡ. ಎಷ್ಟೋ ಮನೆಗಳಲ್ಲಿ ಪಿಕ್‌ನಿಕ್ ಅಂದರೆ ಹೆಂಗಸರು ಎರಡು ಗಂಟೆ ಮೊದಲು ಏಳುವುದು, ಬಂದ ಮೇಲೆ ಪಾತ್ರೆ ತೊಳೆಯುವುದು. ಹೋಟೆಲಿನಲ್ಲಿ ಬನ್ಸ್ ಸಿಗುತ್ತದೆ, ಬಿಸಿ ಬಿಸಿ ಗೋಳಿಬಜೆ ಸಿಗುತ್ತದೆ. ತಿಂದು ಬನ್ನಿ.

ಇನ್ನೊಂದು ಭಾನುವಾರ ವರಂಗ. ಕಾರ್ಕಳದಿಂದ ಹೆಬ್ರಿ ಕಡೆಗೆ ಹೋಗುವ ದಾರಿಯಲ್ಲಿದೆ. ಕೆರೆಯ ನಡುವೆ ಬಸದಿ, ದೋಣಿಯಲ್ಲೇ ಹೋಗಬೇಕು. ನೋಡುವುದಕ್ಕೆ ಅದೊಂದೇ ಸಾಕು. ದೋಣಿ ಆಚೆ ಹೋಗಿದ್ದರೆ ವಾಪಸ್ ಬರುವವರೆಗೆ ದಡದಲ್ಲಿ ಕಾಯಬೇಕು, ಮಳೆ ಜೋರಾದರೆ ನಿಲ್ಲುವವರೆಗೆ ಕಾಯಬೇಕು. ನಿಮ್ಮವರಿಗೆ ಮೊದಮೊದಲು ಕಷ್ಟವಾಗುತ್ತದೆ. ಗಡಿಯಾರ ನೋಡುತ್ತಾರೆ, ನೋಡಲಿ. "ಹೋಗೋಣವಾ?" ಎಂದು ನೀವು ಮಾತ್ರ ಮೊದಲು ಕೇಳಬೇಡಿ. ಆ ದಾರಿಯಲ್ಲೇ ಕಾರ್ಕಳದ 42 ಅಡಿಯ ಗೊಮ್ಮಟ ಇದ್ದಾನೆ, 1432ರಿಂದ ನಿಂತಿದ್ದಾನೆ, ಇನ್ನೊಂದು ವಾರ ನಿಲ್ಲುತ್ತಾನೆ. ಅದೇ ದಿನ ಅವನನ್ನೂ ಮುಗಿಸೋಣ ಅಂದರೆ ಒಪ್ಪಬೇಡಿ.

ಪ್ರತಿ ಸಲವೂ ನಿಮ್ಮ ಇಷ್ಟದಂತೆ ಕೂರುವುದೇ ಆದರೆ ಅದೂ ನ್ಯಾಯವಲ್ಲ. ಒಂದು ಭಾನುವಾರ ಅವರ ಪಟ್ಟಿಯ ಪ್ರಕಾರ ಹೋಗಿ, ಬೆಳಗ್ಗೆ ಐದಕ್ಕೇ ಎದ್ದು, ಗೊಣಗದೆ. ಆ ದಿನ ಮೂಡುಬಿದಿರೆಯ ಉಳಿದ 17 ಬಸದಿಗಳನ್ನು ತೋರಿಸಲಿ. ಕಾಲು ನೋವು ಬರುತ್ತದೆ, ಆದರೆ ಪಟ್ಟಿ ಮುಗಿದಾಗ ಅವರ ಮುಖ ಹೇಗಿರುತ್ತದೆ ಎಂಬುದನ್ನಾದರೂ ನೋಡಿ.

ಅತ್ತೆಯ ವಿಷಯ. "ಇಬ್ಬರೇ ಎಲ್ಲಿಗೆ?" ಎಂದು ಕೇಳುತ್ತಾರೆ, ಹೇಳಲಿಕ್ಕೆ ನಾಚಿಕೆಯಾಗುತ್ತದೆ ಎಂದು ಬರೆದಿದ್ದೀರಿ. ಇದನ್ನು ಹೇಳಬೇಕಾದವರು ಅವರ ಮಗ. ಹಿಂದಿನ ದಿನವೇ, ನಾಳೆ ನಾವಿಬ್ಬರು ಹೋಗಿ ಸಂಜೆ ಬರುತ್ತೇವೆ ಎಂದು ನೇರ ಹೇಳಿದರೆ ಮುಗಿಯಿತು. ಆಫೀಸಿನ ಕೆಲಸ ಅಂತ ಸುಳ್ಳು ಹೇಳಿ ಹೋಗಬೇಡಿ. ಸುರತ್ಕಲ್ ಚಿಕ್ಕ ಊರು, ನಿಮ್ಮನ್ನು ಬಸ್ಸಿನಲ್ಲಿ ಕಂಡವರು ನಿಮಗಿಂತ ಮೊದಲೇ ಮನೆಗೆ ಸುದ್ದಿ ಮುಟ್ಟಿಸುತ್ತಾರೆ. ತಿಂಗಳಿಗೊಂದು ಭಾನುವಾರ ಮೂವರೂ ಹೋಗಿ.

ಫೋಟೋ ತೆಗೆಯುವ ಬಗ್ಗೆಯೂ ದೂರಿದ್ದೀರಿ. ಅದನ್ನು ಬಿಟ್ಟುಬಿಡಿ, ದೊಡ್ಡ ವಿಷಯವಲ್ಲ. ನಾಳೆ ಆಲ್ಬಮ್ ನೋಡಿ ಖುಷಿಪಡುವವರು ನೀವೇ.

ವಾರದ ನಡುವೆಯೂ ಒಂದು ಸಂಜೆ ಮಾಡಿಕೊಳ್ಳಬಹುದು. ನೀವು ಹೇಗೂ ಪೇಟೆಯಲ್ಲೇ ಇರುತ್ತೀರಿ. ಅವರು ಒಂದು ದಿನ ಮನೆಗೆ ಹೋಗುವ ಬದಲು ಹಂಪನಕಟ್ಟೆಗೆ ಬರಲಿ. ಒಂದೇ ಗಡ್‌ಬಡ್ ಹೇಳಿ, ಎರಡು ಚಮಚ ಕೇಳಿ. ಉಡುಪಿಯಲ್ಲಿ ಹುಟ್ಟಿದ್ದು ಅನ್ನುವ ಈ ಐಸ್‌ಕ್ರೀಮಿನ ಉದ್ದ ಲೋಟದಲ್ಲಿ ಜೆಲ್ಲಿಯನ್ನು ಮೊದಲು ಯಾರು ಹೆಕ್ಕುತ್ತಾರೆ ಎಂಬುದಕ್ಕೆ ಬೇಕಾದರೆ ಜಗಳ ಮಾಡಿ. ಅತ್ತೆಗೂ ಒಂದು ಕಪ್ ಐಸ್‌ಕ್ರೀಮ್ ಕಟ್ಟಿಸಿಕೊಂಡರೆ ಒಳ್ಳೆಯದು.

ಮಳೆ ಇಳಿದ ಮೇಲೆ ಸ್ವಲ್ಪ ಉದ್ದದ್ದು ನೋಡಿ. ಕಾಪುವಿನ ದೀಪಸ್ತಂಭ 1901ರದ್ದು. ಸಂಜೆ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಆಮೇಲೆ ಒಂದು ರಾತ್ರಿ ಹೊರಗೆ ಉಳಿಯುವುದು. ಆಗುಂಬೆ ಇದಕ್ಕೆ ಸರಿ. ಉಡುಪಿಯಿಂದ ಸುಮಾರು 55 ಕಿಲೋಮೀಟರ್, ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿಯಿರಿ. ಸೂರ್ಯಾಸ್ತ ನೋಡಲೆಂದು ಹೋಗುತ್ತೀರಿ, ಮೋಡ ಬಂದು ಕಾಣದೇ ಹೋಗಬಹುದು. ಅಷ್ಟು ದೂರ ಹೋಗಿ ಏನೂ ಕಾಣದ ಸಂಜೆಯಲ್ಲಿ ಇಬ್ಬರೂ ಹೇಗಿರುತ್ತೀರಿ ನೋಡಿಕೊಳ್ಳಿ. ಆ ರಾತ್ರಿ ಊಟದ ಹೊತ್ತಿಗೆ ನಗು ಬಂದರೆ ರಾಜಸ್ಥಾನಕ್ಕೆ ಧೈರ್ಯವಾಗಿ ಹೊರಡಬಹುದು.

ಅಲ್ಲಿಗೆ ವಿಮಾನ ಬೇಡ. ಅಜ್ಮೀರಕ್ಕೆ ಹೋಗುವ ಮರುಸಾಗರ ಎಕ್ಸ್‌ಪ್ರೆಸ್ ಮಂಗಳೂರು ಜಂಕ್ಷನ್ ಮೇಲೆಯೇ, ಕೊಂಕಣ ರೈಲು ದಾರಿಯಲ್ಲಿ ಹೋಗುತ್ತದೆ. ವಾರಕ್ಕೆ ಒಂದೇ ಸಲ. ಪಟ್ಟಿ ಹಿಡಿದು ಓಡಿಸಲು ರೈಲಿನಲ್ಲಿ ಜಾಗವಿಲ್ಲ. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಆ ಕೆಲಸ ನಿಮ್ಮವರಿಗಿರಲಿ, ಅದರಲ್ಲಿ ಅವರು ಗಟ್ಟಿ. ಹೋಗುವುದು ಜನವರಿ ಮೊದಲ ವಾರ ಕಳೆಯುವ ಹೊತ್ತಿಗೆ. ಆಗ ಹೊಸ ವರ್ಷದ ಗದ್ದಲ ಇಳಿದಿರುತ್ತದೆ, ಹೋಟೆಲಿನ ಬಾಡಿಗೆಯೂ ಇಳಿದಿರುತ್ತದೆ. ಮರಳುಗಾಡಿನಲ್ಲಿ ರಾತ್ರಿ ಒಳ್ಳೆಯ ಚಳಿ, ಸ್ವೆಟರ್ ಮರೆಯಬೇಡಿ. ಇಲ್ಲಿ ಧನುರ್ಮಾಸ, ಸಂಕ್ರಾಂತಿವರೆಗೆ ಮದುವೆ, ಗೃಹಪ್ರವೇಶಗಳ ಕಾಟವಿಲ್ಲ. ಕುಟುಂಬದ ಮನೆಯ ನೇಮ ಮಾತ್ರ ಆ ವಾರಕ್ಕೆ ಬೀಳದ ಹಾಗೆ ಯಜಮಾನರ ಕಿವಿಗೆ ಈಗಲೇ ಹಾಕಿಡಿ.